ಸಮುದ್ರಕ್ಕೆ ಮುಂಚೆ ಭದ್ರಾವತಿ

ಟೀಚರ್ ತೀರಿಕೊಂಡರು ಎಂದು ಹೊಸಮನೆ ಬಡಾವಣೆಯಿಂದ ಫೋನು ಬಂದಾಗ ನಾನು ದುರ್ಗಿಗುಡಿಯ ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹೊರಡಬೇಕೆಂದು ಮೊದಲು ಒಲೆ ಆರಿಸಿದೆ, ಆಮೇಲೆ ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದೆ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿ ಎಳೆದು ನೋಡಿದೆ. ಬಚ್ಚಲಿನ ನಲ್ಲಿ, ದೇವರ ಮನೆಯ ದೀಪ, ಮಹಡಿಯ ಕಿಟಕಿ ಎಲ್ಲ ನೋಡಿದ್ದಾಯಿತು. ಮುಂಬಾಗಿಲಿಗೆ ಬೀಗ ಹಾಕಿ ಜಗ್ಗಿದೆ. ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗಿದೆ. ಆಗ ಅಳು ಬಂತು. ಮನೆ ಬಿಟ್ಟು ಹೊರಡುವುದು ಹೇಗೆಂದು ನನಗೆ ಕಲಿಸಿದವರು ಅವರೇ. ಆಟೋದಲ್ಲಿ ಕೂತ ಸ್ವಲ್ಪ ಹೊತ್ತಿಗೆ ನಗುವೂ ಬಂತು. ಅವರನ್ನು ನೆನೆದುಕೊಂಡು ಬಹಳ ಹೊತ್ತು ಅಳುವುದು ನಮ್ಮ ಹಳೇ ಕ್ರಾಸಿನ ಯಾರಿಂದಲೂ ಆಗುವ ಕೆಲಸವಲ್ಲ.

ಅವರು ಭದ್ರಾವತಿಯ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ಟೀಚರಾಗಿದ್ದರು. ಮನೆ ಶಿವಮೊಗ್ಗದ ಹೊಸಮನೆಯಲ್ಲಿ, ಆಗಿನ ನಮ್ಮ ಮನೆಯ ಪಕ್ಕದ್ದೇ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುವವರು. ಭಾನುವಾರವೂ ಅವರ ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿರುತ್ತಿತ್ತು, ಸೆರಗಿನ ಅಂಚಿನಲ್ಲಿ ಗುಂಡುಪಿನ್ನುಗಳ ಸಾಲು ಇರುತ್ತಿತ್ತು. ಯಾರನ್ನೇ ಮಾತಾಡಿಸಿದರೂ ಮೊದಲು ಭುಜದಿಂದ ಪಾದದವರೆಗೆ ಒಮ್ಮೆ ನೋಡಿ ಆಮೇಲೆ ಬಾಯಿ ತೆರೆಯುತ್ತಿದ್ದರು. ಹೊಸಬರು ಇದರಿಂದ ಗಾಬರಿಯಾಗುತ್ತಿದ್ದರು. ಹಳಬರಿಗೆ ಗೊತ್ತಿತ್ತು, ಅದು ಅಳತೆ ತೆಗೆಯುವವರ ಕಣ್ಣು, ಅದಕ್ಕೆ ಬೇರೆ ಅರ್ಥವಿಲ್ಲ ಎಂದು.

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಮದುವೆಯಾಗಿ ಆ ಕ್ರಾಸಿಗೆ ಬಂದಾಗ ಅವರು ಆಗಲೇ ಅಲ್ಲಿನ ಟ್ರಿಪ್ ಮ್ಯಾನೇಜರ್. ಆ ಪಟ್ಟವನ್ನು ಯಾರೂ ಕಟ್ಟಿರಲಿಲ್ಲ, ಕಿತ್ತುಕೊಳ್ಳುವ ಧೈರ್ಯವೂ ಯಾರಿಗೂ ಇರಲಿಲ್ಲ. ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ, ಕ್ರಾಸಿನ ನಾಲ್ಕಾರು ಮನೆಯವರು ಸೇರಿ ಒಂದು ಮೆಟಡೋರ್ ಮಾಡಿಕೊಂಡು ಎಲ್ಲಿಗಾದರೂ ಹೋಗಿಬರುವುದು ರೂಢಿ. ಎಲ್ಲಿಗೆ ಎನ್ನುವುದನ್ನು ಉಳಿದವರು ಜಗಳಾಡಿ ತೀರ್ಮಾನಿಸಬಹುದಿತ್ತು. ಹೇಗೆ ಎನ್ನುವುದು ಮಾತ್ರ ಟೀಚರ ಇಲಾಖೆ.

ಅವರ ಮೊದಲ ಕಾನೂನು ಚೀಲದ್ದು. ಪ್ರತಿ ಮನೆಗೂ ಅವರೇ ಒಂದು ಚೀಲ ಹೊಲಿದು ಕೊಡುತ್ತಿದ್ದರು. ಹಳೇ ಪರದೆ ಬಟ್ಟೆ, ಗಾಂಧಿ ಬಜಾರಿನ ಕಟ್‌ಪೀಸು, ಏನು ಸಿಕ್ಕಿತೋ ಅದರಲ್ಲಿ. ಒಂದೊಂದು ಮನೆಗೆ ಒಂದೊಂದು ಬಣ್ಣ, ಅಳತೆ ಮಾತ್ರ ಎಲ್ಲರಿಗೂ ಒಂದೇ. ಅದರೊಳಗೆ ಹಿಡಿದದ್ದು ಬರುತ್ತದೆ, ಹಿಡಿಯದ್ದು ಮನೆಯಲ್ಲಿರುತ್ತದೆ. "ಟೀಚರೇ, ಇದೊಂದು ಸ್ವೆಟರು" ಎಂದು ಯಾರಾದರೂ ರಾಗ ಎಳೆದರೆ, "ಹಾಕ್ಕೊಂಡು ಬನ್ನಿ. ಮೈಮೇಲೆ ಎಷ್ಟು ಬೇಕಾದ್ರೂ ಹೇರ್ಕೊಳ್ಳಿ, ನಾನು ಕೇಳಲ್ಲ" ಎನ್ನುತ್ತಿದ್ದರು. ನಮ್ಮತ್ತೆ ಒಂದು ವರ್ಷ ಸೀರೆಯ ಮೇಲೆ ಸೀರೆ ಉಟ್ಟು ಬಂದಿದ್ದರಂತೆ.

ಎರಡನೆಯದು ಟ್ರಯಲ್. ಇದನ್ನು ಬೇರೆ ಯಾವ ಊರಲ್ಲೂ ಯಾರೂ ಮಾಡಿದ್ದನ್ನು ನಾನು ಕೇಳಿಲ್ಲ. ಟ್ರಿಪ್ಪಿಗೆ ಎರಡು ಮೂರು ವಾರ ಮುಂಚೆ ಒಂದು ಭಾನುವಾರ, ನಿಜವಾಗಿ ಹೊರಟ ಹಾಗೆಯೇ ಇಡೀ ತಂಡ ಹೊರಡಬೇಕು. ಚೀಲ ತುಂಬಿರಬೇಕು, ಬುತ್ತಿ ಕಟ್ಟಿರಬೇಕು, ಹಾಲಿನವನಿಗೆ ಬರಬೇಡ ಎಂದು ಹೇಳಿರಬೇಕು, ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಟೀಚರ ಯಜಮಾನರ ಕೈಗೆ ಕೊಟ್ಟಿರಬೇಕು. ಆ ಪುಣ್ಯಾತ್ಮರು ಯಾವ ಟ್ರಿಪ್ಪಿಗೂ ಬಂದವರಲ್ಲ. ಜಗಲಿಯ ಮೇಲೆ ಕೂತು ಕ್ರಾಸು ಕಾಯುವುದೇ ಅವರಿಗೆ ಸುಖ. ಆಮೇಲೆ ಎಲ್ಲರೂ ವ್ಯಾನು ಹತ್ತಿ ಭದ್ರಾವತಿಗೆ ಹೋಗಿ, ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು, ಸಂಜೆ ವಾಪಸು ಬರುವುದು. ಅಷ್ಟು ಹತ್ತಿರದ ಊರಿಗೆ ಚೀಲ ಬುತ್ತಿ ಸಮೇತ ಹೋಗುವುದನ್ನು ಕಂಡು ಹೊಸಮನೆಯ ಉಳಿದ ಕ್ರಾಸಿನವರು ನಗುತ್ತಿದ್ದರು.

"ಮದುವೆ ಹೆಣ್ಣಿಗೆ ಬ್ಲೌಸ್ ಹೊಲಿದ್ರೆ ಒಂದು ಟ್ರಯಲ್ ನೋಡ್ತೀವೋ ಇಲ್ವೋ?" ಎಂದು ಟೀಚರ್ ಕೇಳುತ್ತಿದ್ದರು. "ಮುಹೂರ್ತದ ದಿನ ತೋಳು ಬಿಗಿ ಆಯ್ತು ಅಂದ್ರೆ ಯಾರ ಹತ್ರ ಅಳ್ತೀರಿ? ಟ್ರಿಪ್ಪೂ ಹಂಗೇ. ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಭದ್ರಾವತಿಲೇ ಗೊತ್ತಾಗಿಬಿಡ್ಲಿ."

ಗೊತ್ತಾಗುತ್ತಲೂ ಇತ್ತು. ನಾನು ಬರುವ ಹಿಂದಿನ ವರ್ಷದ ಕಥೆಯನ್ನು ಕ್ರಾಸಿನಲ್ಲಿ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ನನಗೆ ಹೇಳಿದರು. ವ್ಯಾನು ಭದ್ರಾವತಿ ರಸ್ತೆಯ ನಿದಿಗೆ ದಾಟಿ ಹೋಗುತ್ತಿದ್ದಾಗ ಮೂಲೆಮನೆಯವರು ತಟ್ಟನೆ ಕೂಗಿಕೊಂಡರಂತೆ. ಅಜ್ಜನನ್ನು ಒಳಗೇ ಬಿಟ್ಟು ಬೀಗ ಹಾಕಿಕೊಂಡು ಬಂದಿದ್ದರು. ಗ್ಯಾಸು, ನಲ್ಲಿ, ಕಿಟಕಿ ಎಲ್ಲ ಟೀಚರ್ ಹೇಳಿದ ಹಾಗೇ ನೋಡಿದ್ದಾರೆ, ಬಚ್ಚಲಿನಲ್ಲಿ ಬಿಸಿನೀರು ಹುಯ್ದುಕೊಳ್ಳುತ್ತಿದ್ದ ಅಜ್ಜನನ್ನು ಮಾತ್ರ ಯಾರೂ ನೋಡಿಲ್ಲ. ವ್ಯಾನು ತಿರುಗಿಸಿ ಬಂದು ಬಾಗಿಲು ತೆರೆದರೆ ಅಜ್ಜ ಹೊಸ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. "ಆಗ್ಲೇ ಟ್ರಿಪ್ ಮುಗಿಸ್ಕೊಂಡು ಬಂದ್ರಾ?" ಎಂದು ಕೇಳಿದರಂತೆ. ಆವತ್ತಿನಿಂದ ತಲೆ ಎಣಿಸದೆ ವ್ಯಾನು ಹೊರಡುವಂತಿಲ್ಲ ಎನ್ನುವುದೂ ಕಾನೂನಾಯಿತು.

ಈ ಕಾನೂನುಗಳ ಖಾಯಂ ವಿರೋಧಿ ಎದುರುಮನೆಯ ಬ್ಯಾಂಕಿನವರು. ದಪ್ಪ ಮನುಷ್ಯ, ದೊಡ್ಡ ದನಿ. ಅವರಿಗೆ ತಮ್ಮ ಬೂರುಗದ ಹತ್ತಿಯ ದಿಂಬಿಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಆ ದಿಂಬು ಚೀಲದೊಳಗೆ ಹೋಗುತ್ತಿರಲಿಲ್ಲ. ಚೀಲವೇ ದಿಂಬಿನೊಳಗೆ ಹೋಗುವಂತಿತ್ತು. ಪ್ರತಿವರ್ಷ ಅವರು ಅದನ್ನು ಶಾಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ವ್ಯಾನು ಹತ್ತುವುದು, ಟೀಚರ್ ಅದನ್ನು ಕಿತ್ತು ಜಗಲಿಯ ಮೇಲಿದ್ದ ತಮ್ಮ ಯಜಮಾನರ ಮಡಿಲಿಗೆ ಎಸೆಯುವುದು ನಡೆದೇ ಇತ್ತು.

ನಾನು ಬಂದ ವರ್ಷ ಮಲ್ಪೆಯ ಸಮುದ್ರಕ್ಕೆ ಹೋಗುವುದೆಂದು ತೀರ್ಮಾನವಾಯಿತು. ನಮ್ಮತ್ತೆ ಉತ್ಸಾಹದಿಂದ ನನ್ನ ಹೆಸರನ್ನೂ ಸೇರಿಸಿದರು. ನಾನು ಬೇಡ ಎನ್ನಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಯಿತು.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ನನಗೆ ವ್ಯಾನು, ಬಸ್ಸು, ಕಾರು ಯಾವುದೂ ಆಗುತ್ತಿರಲಿಲ್ಲ. ಡೀಸಲ್ ವಾಸನೆ ಬಂದರೆ ಸಾಕು, ಹೊಟ್ಟೆಯೊಳಗಿನದು ಗಂಟಲಿಗೆ ಬಂದು ನಿಲ್ಲುತ್ತಿತ್ತು. ತಿರುವುಗಳಿದ್ದರಂತೂ ಕೇಳುವುದೇ ಬೇಡ. ಕ್ವಾರ್ಟರ್ಸಿನವರೆಲ್ಲ ಸೇರಿ ಸಮುದ್ರಕ್ಕೆ ಹೊರಟಾಗಲೆಲ್ಲ ಅಪ್ಪ ನನ್ನನ್ನು ಅಜ್ಜಿಯ ಜೊತೆ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ವಾಪಸು ಬಂದಾಗ ಎಲ್ಲರೂ ನನಗೆಂದು ಕಪ್ಪೆಚಿಪ್ಪು ತಂದುಕೊಡುತ್ತಿದ್ದರು. ನನ್ನ ಬಳಿ ಒಂದು ಡಬ್ಬಿ ತುಂಬ ಚಿಪ್ಪುಗಳಿದ್ದವು. ಅವನ್ನು ಹೆಕ್ಕುವ ಜಾಗವನ್ನು ಮಾತ್ರ ನಾನು ಕಂಡಿರಲಿಲ್ಲ. ಮದುವೆಯಾದ ಮೇಲಾದರೂ ಆ ಸಮುದ್ರವನ್ನು ನೋಡಲೇಬೇಕು ಎನ್ನುವ ಆಸೆ ನನಗೆ ಎಷ್ಟಿತ್ತೆಂದರೆ, ವಾಂತಿಯ ವಿಷಯ ಎತ್ತಿದರೆ ಅದು ತಪ್ಪಿಹೋಗುತ್ತದೆಂದು ಬಾಯಿ ಮುಚ್ಚಿಕೊಂಡು ಟ್ರಯಲ್ಲಿಗೆ ಹೊರಟೆ.

ಭದ್ರಾವತಿಯವರೆಗಿನ ರಸ್ತೆ ನೆಟ್ಟಗಿದೆ. ಹೇಗೋ ಉಸಿರು ಬಿಗಿಹಿಡಿದು ಪಾರಾದೆ. ಆದರೆ ಟೀಚರ ಟ್ರಯಲ್ ಅಷ್ಟಕ್ಕೇ ಮುಗಿಯುವುದಲ್ಲ ಎಂದು ನನಗೆ ಗೊತ್ತಿರಲಿಲ್ಲ. ಮಲ್ಪೆಗೆ ಹೋಗಬೇಕಾದರೆ ಆಗುಂಬೆ ಘಾಟಿ ಇಳಿಯಬೇಕು. ಭದ್ರಾವತಿಯಲ್ಲಿ ಘಾಟಿ ಎಲ್ಲಿಂದ ತರುವುದು? ಅದಕ್ಕೂ ಅವರ ಹತ್ತಿರ ಉಪಾಯವಿತ್ತು. ವ್ಯಾನನ್ನು ಕ್ವಾರ್ಟರ್ಸಿನ ದೊಡ್ಡ ಮೈದಾನಕ್ಕೆ ಹೊಡೆಸಿ, ಡ್ರೈವಿಂಗ್ ಲೈಸೆನ್ಸಿನವರು ಹಾಕಿಸುವ ಹಾಗೆ ಎಂಟರ ಆಕಾರದ ಸುತ್ತು ಹಾಕಿಸುವುದು.

ಡ್ರೈವರ್ ಭಾಯ್ ನಮ್ಮ ಕ್ರಾಸಿಗೆ ಖಾಯಂ. ಪ್ರತಿವರ್ಷ ಅವರದೂ ಅದೇ ಮಾತು. "ಅಮ್ಮಾ, ಇದೇನು ಸರ್ಕಸ್ಸಾ? ಜನ ನೋಡಿ ನಗ್ತಾರೆ. ಖಾಲಿಪೀಲಿ ಡೀಸಲ್ಲು ದಂಡ!"

"ಇಲ್ಲಿ ಜನ ನಕ್ಕರೆ ನಗ್ಲಿ ಭಾಯ್, ಘಾಟಿಲಿ ನಾವು ಅಳೋದು ಬೇಡ. ಹೂಂ, ಹಾಕಿ" ಎಂದು ಹೇಳಿ, ಚಕ್ರ ನೋಡುತ್ತೇನೆಂದು ಟೀಚರ್ ತಾವು ಇಳಿದು ಮರದ ನೆರಳಿಗೆ ಹೋಗಿ ನಿಂತರು.

ತುಂಬಿದ ವ್ಯಾನು ಖಾಲಿ ಮೈದಾನದಲ್ಲಿ ಎಂಟು ಹಾಕತೊಡಗಿತು. ಕ್ವಾರ್ಟರ್ಸಿನ ಜನ ಕಾಂಪೌಂಡಿಗೆ ಬಂದು ನಿಂತರು. ಎರಡನೇ ಸುತ್ತಿಗೆ ನನಗೆ ಕಣ್ಣು ಕತ್ತಲಿಟ್ಟಿತು. ಪಕ್ಕದಲ್ಲಿ ಬ್ಯಾಂಕಿನವರು, ಆ ವರ್ಷ ಹೇಗೋ ಟೀಚರ ಕಣ್ಣು ತಪ್ಪಿಸಿ ತಂದಿದ್ದ ದಿಂಬನ್ನು ಶಾಲಿನಿಂದ ಆಗಷ್ಟೇ ಹೊರತೆಗೆದಿದ್ದರು. ನಾನು ಕಿಟಕಿಯ ಕಡೆ ತಿರುಗಲು ನೋಡಿದೆ, ವ್ಯಾನು ನನ್ನನ್ನು ಈ ಕಡೆಗೆ ತಿರುಗಿಸಿತು. ಆದದ್ದೆಲ್ಲ ದಿಂಬಿನ ಮೇಲಾಯಿತು.

ವ್ಯಾನು ನಿಂತಿತು. ಕಾಂಪೌಂಡಿನ ಆಚೆಯಿಂದ ನಮ್ಮ ಹಳೇ ಪಕ್ಕದ ಮನೆಯ ತಮಿಳು ಅಮ್ಮನ ದನಿ ಕೇಳಿತು. "ಅಯ್ಯಯ್ಯೋ, ಇದು ನಮ್ಮ ಪೊಣ್ಣು ಅಲ್ವಾ? ಏನಮ್ಮಾ, ಮದುವೆ ಆದ್ರೂ ಇನ್ನೂ ವಾಂತಿ ನಿಂತಿಲ್ವಾ ನಿಂಗೆ?"

ಟೀಚರ್ ಹತ್ತಿರ ಬಂದು ದಿಂಬನ್ನು ನೋಡಿದರು, ಬ್ಯಾಂಕಿನವರನ್ನು ನೋಡಿದರು. "ದಿಂಬಿನ ಕೇಸು ಇವತ್ತಿಗೆ ಖುಲಾಸೆ" ಎಂದರು. ಬ್ಯಾಂಕಿನವರು, ಪಾಪ, ನನ್ನನ್ನು ಬೈಯಲಿಲ್ಲ. ಆದರೆ ದಿಂಬಿನ ಕಡೆ ನೋಡಿದ ಅವರ ಮುಖ ನೋಡಲಾಗುತ್ತಿರಲಿಲ್ಲ.

ಹೊಳೆ ದಂಡೆಯಲ್ಲಿ ಎಲ್ಲರೂ ಬಾಡಿಸಿದ ಬಾಳೆಲೆಯ ಪೊಟ್ಟಣ ಬಿಚ್ಚಿ ಚಿತ್ರಾನ್ನ, ಮೊಸರನ್ನ ತಿನ್ನುತ್ತಿದ್ದಾಗ ನಾನು ದೂರ ಕಲ್ಲಿನ ಮೇಲೆ ಕೂತು ಅಳುತ್ತಿದ್ದೆ. ಟೀಚರ್ ಬಂದು ಪಕ್ಕದಲ್ಲಿ ಕೂತರು. ಕೇಳದಿದ್ದರೂ ನಾನು ಎಲ್ಲವನ್ನೂ ಹೇಳಿಬಿಟ್ಟೆ, ಅಜ್ಜಿಯ ಜೊತೆ ಉಳಿದದ್ದು, ಚಿಪ್ಪಿನ ಡಬ್ಬಿ, ಎಲ್ಲ.

"ಸಮುದ್ರ ನೋಡೇ ಇಲ್ವಾ? ಒಂದ್ಸಲನೂ?"

"ಇಲ್ಲ ಟೀಚರೇ."

ಅವರು ನನ್ನನ್ನು ಭುಜದಿಂದ ಪಾದದವರೆಗೆ ನೋಡಿದರು. "ರೂಲ್ ಪ್ರಕಾರ ನೀನು ಫೇಲು. ಘಾಟಿಲಿ ಹಿಂಗಾದ್ರೆ ಎಲ್ಲರಿಗೂ ಕಷ್ಟ, ನಿನಗಂತೂ ಹೆಚ್ಚು. ಆದ್ರೆ ಟ್ರಿಪ್ಪಿಗೆ ಇನ್ನೂ ಟೈಮಿದೆ ಮಾರಾಯ್ತಿ. ನಾಳೆಯಿಂದ ನನ್ ಜೊತೆ ಬಸ್ಸಿಗೆ ಬಾ. ತೋಳು ಬಿಗಿ ಆದ್ರೆ ಬ್ಲೌಸ್ ಬಿಸಾಕ್ತೀವಾ? ಬಿಚ್ಚಿ ಹೊಲಿಯೋದಪ್ಪ."

ಹೀಗೆ ನನ್ನನ್ನು ಬಿಚ್ಚಿ ಹೊಲಿಯುವ ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ಅವರ ಜೊತೆ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ಅಮ್ಮನ ಮನೆಯಲ್ಲಿದ್ದು, ಸಂಜೆ ಅವರ ಜೊತೆಯೇ ಬರುತ್ತಿದ್ದೆ. ಮೊದಲ ದಿನಗಳಲ್ಲಿ ಮಾಚೇನಹಳ್ಳಿ ಬರುವಷ್ಟರಲ್ಲಿ ನನ್ನ ಬಣ್ಣ ಬಿಳಿಚಿಕೊಳ್ಳುತ್ತಿತ್ತು. ಹೊಸದಾಗಿ ಮದುವೆಯಾದವಳು ಬಸ್ಸಿಳಿದು ವಾಂತಿ ಮಾಡಿಕೊಂಡರೆ ಜನ ಏನೆಂದುಕೊಳ್ಳುತ್ತಾರೋ ಅದನ್ನೇ ಕ್ರಾಸಿನವರೂ ಅಂದುಕೊಂಡರು. ಮೂಲೆಮನೆಯಿಂದ ಉಪ್ಪಿನಕಾಯಿ ಬಂತು, ಯಾರೋ ಹುಳಿಮಾವಿನಕಾಯಿ ಎಲ್ಲಿ ಸಿಗುತ್ತದೆಂದು ವಿಚಾರಿಸಿದರು. ಅತ್ತೆ ಮನೆಮನೆಗೂ ಹೋಗಿ, "ಅಂಥದ್ದೇನಿಲ್ಲ ಕಣ್ರೀ, ಅದು ಬರೀ ಡೀಸಲ್ಲು" ಎಂದು ಹೇಳಿ ಬರಬೇಕಾಯಿತು. ಹೇಳುವಾಗ ಅವರಿಗೆ ಸ್ವಲ್ಪ ಬೇಸರವೂ ಆಗಿತ್ತೆಂದು ನನ್ನ ಅನುಮಾನ.

ಟೀಚರ ಪಾಠಗಳು ಸರಳವಾಗಿದ್ದವು. ಖಾಲಿ ಹೊಟ್ಟೆಯಲ್ಲಿ ಹೊರಡಬೇಡ, ಹೊಟ್ಟೆ ತುಂಬ ತಿಂದೂ ಹೊರಡಬೇಡ. ಹುರಿಗಡಲೆ ಬಾಯಲ್ಲಿರಲಿ, ನಿಂಬೆಹಣ್ಣು ಕೈಯಲ್ಲಿರಲಿ. ಸೀರೆಯನ್ನು ಸೊಂಟಕ್ಕೆ ಬಿಗಿಯಾಗಿ ಉಡು. ಪಕ್ಕದ ಕಿಟಕಿಯಲ್ಲಿ ಓಡುವ ಮರಗಳನ್ನು ನೋಡಬೇಡ, ಮುಂದಿನ ಗಾಜಿನಲ್ಲಿ ದೂರದ ರಸ್ತೆ ನೋಡು. ಎಲ್ಲಕ್ಕಿಂತ ಮುಖ್ಯ, ತಲೆಗೆ ಕೆಲಸ ಕೊಡು. "ಅಗೋ, ಅಲ್ಲಿ ಬರ್ತಿದಾರಲ್ಲ, ಅವರ ಸೀರೆ ಯಾವ ಬಣ್ಣ? ಅಂಚು ದೊಡ್ಡದೋ ಚಿಕ್ಕದೋ? ಹತ್ರ ಬರೋದ್ರೊಳಗೆ ಹೇಳ್ಬೇಕು." ಹೀಗೆ ಶಿವಮೊಗ್ಗ ಭದ್ರಾವತಿ ರಸ್ತೆಯಲ್ಲಿ ನಡೆದಾಡುವ ಹೆಂಗಸರ ಸೀರೆಗಳೆಲ್ಲ ನನಗೆ ಪರಿಚಯವಾದವು. ಒಂದು ದಿನ ಭದ್ರಾವತಿ ಬಂದರೂ ನನಗೆ ಏನೂ ಆಗಿರಲಿಲ್ಲ. ಬಸ್ಸಿಳಿದು ನಾನು ಕುಣಿಯುವುದೊಂದು ಬಾಕಿ. ಟೀಚರ್ ಮಾತ್ರ, "ಇದು ನೆಟ್ಟಗಿನ ಹೊಲಿಗೆ ಕಣೇ. ಕಂಕುಳ ತಿರುವು ಇನ್ನೂ ಬಾಕಿ ಇದೆ" ಎಂದು ಘಾಟಿಯನ್ನು ನೆನಪಿಸಿದರು.

ಆ ಸಂಜೆಯೇ ವಾಪಸು ಬರುವಾಗ ನಾನು ಕೇಳಿದೆ, "ಟೀಚರೇ, ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

ಕಂಡಕ್ಟರ್ ಹಿಂದಕ್ಕೆ ಹೋಗಲೆಂದು ಅವರು ಕಾದರು. ಆಮೇಲೆ ಸೆರಗಿನ ಪಿನ್ನೊಂದನ್ನು ಕಿತ್ತು ಮತ್ತೆ ಅಲ್ಲೇ ಚುಚ್ಚಿದರು.

"ನನಗೂ ಬರುತ್ತೆ ಕಣೇ."

ನನಗೆ ಅರ್ಥವಾಗಲಿಲ್ಲ.

"ವಾಂತಿ. ನೆಟ್ಟಗಿನ ರಸ್ತೇಲಿ ಪರವಾಗಿಲ್ಲ. ತಿರುವು ಬಂತೋ, ಮುಗೀತು ನನ್ ಕಥೆ. ಎಂಟು ಹಾಕಿಸ್ವಾಗ ಚಕ್ರ ನೋಡ್ತೀನಿ ಅಂತ ಇಳೀತೀನಲ್ಲ, ಚಕ್ರದಲ್ಲಿ ಏನಿದೆ ನೋಡೋಕೆ? ಘಾಟಿಲಿ ಮುಂದಿನ ಸೀಟಲ್ಲಿ ಕೂತ್ಕೊಂಡು ಹೆಂಗೋ ಬಚಾವಾಗ್ತೀನಿ. ಇಡೀ ಕ್ರಾಸಿಗೆ ಪರೀಕ್ಷೆ ಮಾಡೋಳು ನಾನು. ನನ್ನ ಕೈಲಿ ಒಂದು ಎಂಟೂ ಆಗಲ್ಲ. ಯಾರಿಗಾದ್ರೂ ಹೇಳೀಯ ಮತ್ತೆ! ಬ್ಯಾಂಕಿನೋರಿಗೆ ಗೊತ್ತಾದ್ರೆ ನಾನು ಸತ್ತೆ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆದು ನಗು ನಿಂತಿತು. ಮೆಟಡೋರಿನಲ್ಲಿ ಡ್ರೈವರ್ ಪಕ್ಕ ಇರುವುದು ಒಂದೇ ಸೀಟು. ಅಲ್ಲಿ ಇಬ್ಬರು ಕೂರುವಂತಿಲ್ಲ ಎನ್ನುವುದು ಟೀಚರದೇ ಕಾನೂನು. ಇಬ್ಬರಿದ್ದರೆ ಮಾತು ಹುಟ್ಟುತ್ತದೆ, ಮಾತು ಹುಟ್ಟಿದರೆ ಡ್ರೈವರ ಗಮನ ಈ ಕಡೆ ಬರುತ್ತದೆ, ಎನ್ನುವುದು ಅವರ ವಾದ. ಆ ಸೀಟಿಲ್ಲದೆ ನಾನು ಘಾಟಿ ಇಳಿಯಲಾರೆ. ಅವರೂ ಇಳಿಯಲಾರರು.

"ನಾನು ಬರಲ್ಲ ಬಿಡಿ ಟೀಚರೇ" ಎಂದೆ.

"ನಿಮ್ಮನೆ ಚೀಲ ಹೊಲಿದಾಗಿದೆ, ಅದರಲ್ಲಿ ನಿನ್ನ ಸೀರೆಗೂ ಜಾಗ ಇದೆ" ಎಂದರು ಅವರು.

ಹೊರಡುವ ದಿನ ಎಲ್ಲವೂ ಅವರಂದುಕೊಂಡ ಹಾಗೇ ನಡೆಯಿತು. ಗ್ಯಾಸುಗಳು ಆರಿದ್ದವು, ಅಜ್ಜ ಎಲ್ಲರಿಗಿಂತ ಮುಂಚೆ ವ್ಯಾನಿನಲ್ಲಿ ಕೂತಿದ್ದರು. ಬ್ಯಾಂಕಿನವರ ಕೈಯಲ್ಲಿ ಒಂದು ಪುಟ್ಟ ದಿಂಬಿತ್ತು, ಚೀಲಕ್ಕೆ ಸರಿಹೋಗುವಂಥದ್ದು, ಹೂವಿನ ಚಿತ್ರದ ಗೌಸು ಹಾಕಿದ್ದು. ಅದನ್ನು ಯಾರು ಹೊಲಿದುಕೊಟ್ಟರೆಂದು ಅವರೂ ಹೇಳಲಿಲ್ಲ, ಟೀಚರೂ ಹೇಳಲಿಲ್ಲ. ಟೀಚರ್ ತಮ್ಮ ಮಾಮೂಲಿ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ, ನಿಂಬೆಹಣ್ಣು ಹಿಡಿದುಕೊಂಡು, ಆಗುಂಬೆ ಬಂದಾಗ ಏನು ಗತಿ ಎಂದು ಯೋಚಿಸುತ್ತಾ ಕೂತೆ.

ಆಗುಂಬೆಯಲ್ಲಿ ಟೀಗೆ ನಿಲ್ಲಿಸಿದೆವು. ಮತ್ತೆ ಹೊರಡುವಾಗ ಟೀಚರ್ ಮುಂದಿನ ಬಾಗಿಲು ತೆರೆದು ಹಿಡಿದು ನನ್ನನ್ನು ಕರೆದರು. "ಹತ್ತು."

"ಟೀಚರೇ, ನೀವು..."

"ಹತ್ತೇ ಅಂದೆ."

"ಏನಿದು, ಮ್ಯಾನೇಜರು ಸೀಟು ಬಿಟ್ಕೊಡ್ತಿದಾರೆ!" ಎಂದು ಬ್ಯಾಂಕಿನವರು ಕೂಗಿದರು.

"ಹಿಂದೆ ನಿಮ್ಮ ಗಲಾಟೆ ಜಾಸ್ತಿ ಆಗಿದೆ ಬ್ಯಾಂಕಿನೋರೇ. ನೋಡ್ಕೊಳ್ಳೋಕೆ ಒಬ್ರು ಬೇಡ್ವಾ?" ಎನ್ನುತ್ತಾ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಹಿಂದೆ ಹೋಗಿ ಕೂತರು. ಅಷ್ಟು ಗಟ್ಟಿ ಹೆಂಗಸನ್ನು ನಾನು ಆಮೇಲೂ ನೋಡಿಲ್ಲ.

ಘಾಟಿ ಶುರುವಾಯಿತು. ನಾನು ಗಾಜಿನಾಚೆ ಕಣ್ಣು ನೆಟ್ಟೆ. "ದೂರ ನೋಡು ಬೇಟಿ, ದೂರ" ಎಂದು ಭಾಯ್ ಹೇಳಿದರು. ಆ ರಸ್ತೆಯಲ್ಲಿ ದೂರ ಎನ್ನುವುದೇ ಇರಲಿಲ್ಲ, ಒಂದು ತಿರುವು ಮುಗಿದರೆ ಇನ್ನೊಂದು. ಹಿಂದಿನಿಂದ ಟೀಚರ ದನಿ ಬರುತ್ತಿತ್ತು. ಮೊದಲು ಜೋರಾಗಿ, ಕಿಟಕಿಯಾಚೆ ಕೈ ಹಾಕಬೇಡಿ, ನೀರಿನ ಬಾಟಲಿ ನೆಟ್ಟಗೆ ಹಿಡಿರಿ. ಆಮೇಲೆ ಸಣ್ಣಗೆ. ಆಮೇಲೆ ನಿಂತೇಹೋಯಿತು. ನನ್ನ ಹೊಟ್ಟೆ ಗಟ್ಟಿಯಾಗಿಯೇ ಇತ್ತು. ಕಿವಿ ಮಾತ್ರ ಹಿಂದಿನ ಸೀಟಿನ ಕಡೆಗಿತ್ತು.

"ಭಾಯ್, ನಿಲ್ಸಿ ನಿಲ್ಸಿ!" ಬ್ಯಾಂಕಿನವರ ದನಿ.

ರಸ್ತೆ ಸ್ವಲ್ಪ ಅಗಲವಿದ್ದ ಕಡೆ ವ್ಯಾನು ನಿಂತಿತು. ಟೀಚರ್ ಇಳಿದು ಕಲ್ಲುಕಟ್ಟೆ ಹಿಡಿದುಕೊಂಡು ಬಗ್ಗಿದರು. ನಾನು ಓಡಿಹೋಗಿ ಹಣೆ ಹಿಡಿದುಕೊಂಡೆ. ತಮ್ಮನ್ನು ವರ್ಷ ವರ್ಷ ಪರೀಕ್ಷಿಸಿದ ಮ್ಯಾನೇಜರು ವಾಂತಿ ಮಾಡಿಕೊಳ್ಳುವುದನ್ನು ಇಡೀ ಕ್ರಾಸು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ತಲೆಯೆತ್ತಿ ಅವರು ಆಡಿದ ಮೊದಲ ಮಾತು, "ಯಾರೂ ಇಳೀಬೇಡಿ, ತಿರುವಲ್ಲಿ ಗಾಡಿ ಬರುತ್ತೆ."

ನನ್ನನ್ನು ಬಿಟ್ಟರೆ ಇಳಿದಿದ್ದವರು ಬ್ಯಾಂಕಿನವರೊಬ್ಬರೇ, ನೀರಿನ ತಂಬಿಗೆ ಹಿಡಿದುಕೊಂಡು. ಅವರು ತಂಬಿಗೆ ಚಾಚಿ ಗಂಭೀರವಾಗಿ ಹೇಳಿದರು, "ಟೀಚರೇ, ರೂಲ್ ಪ್ರಕಾರ ನೀವು ಫೇಲು."

ಟೀಚರ್ ಬಾಯಿ ಒರೆಸಿಕೊಂಡರು.

"ಫೇಲೇ ರೀ. ಯಾವತ್ತಿಂದ್ಲೋ ಫೇಲು. ಈಗ ರಿಸಲ್ಟ್ ಬಂತು ಅಷ್ಟೇ."

ಮೊದಲು ನಕ್ಕವರು ಅಜ್ಜ. ಆಮೇಲೆ ನಮ್ಮತ್ತೆ, ಆಮೇಲೆ ಇಡೀ ವ್ಯಾನು. ಕಟ್ಟೆಯ ಮೇಲಿದ್ದ ಮಂಗಗಳು ಹೆದರಿ ಮರ ಹತ್ತಿದವು. ಬ್ಯಾಂಕಿನವರು ನಗುತ್ತಲೇ ಹೋಗಿ ಹೂವಿನ ದಿಂಬನ್ನು ಟೀಚರ ಸೀಟಿನ ಕಿಟಕಿಗೆ ಒತ್ತಾಗಿ ಇಟ್ಟು, ಒರಗಿಕೊಳ್ಳಿ ಎಂದರು. ನಾನು ಮುಂದೆ ಕೂರಲು ಎಷ್ಟು ಬೇಡಿಕೊಂಡರೂ ಟೀಚರ್ ಒಪ್ಪಲಿಲ್ಲ. "ಅರ್ಧ ಇಳಿದಾಗಿದೆ. ನನ್ನದು ಖಾಲಿ ಆಯ್ತು, ನಿನ್ನದು ಇನ್ನೂ ಒಳಗಿದೆ. ಹೋಗಿ ಕೂತ್ಕೋ" ಎಂದರು.

ಮಲ್ಪೆಯಲ್ಲಿ ವ್ಯಾನಿಳಿದಾಗ ನನಗೆ ಮೊದಲು ಕೇಳಿದ್ದು ಸದ್ದು. ಚಿಪ್ಪು ತಂದುಕೊಟ್ಟವರು ಯಾರೂ ನನಗೆ ಆ ಸದ್ದಿನ ವಿಷಯ ಹೇಳಿರಲಿಲ್ಲ. ನಾನು ಮರಳಿನಲ್ಲಿ ಓಡಿದೆ. ಮದುವೆಯಾದ ಹೆಂಗಸು, ಅತ್ತೆ ಹಿಂದೆ ಬರುತ್ತಿದ್ದಾರೆ, ಅದೆಲ್ಲ ಮರೆತೇಹೋಯಿತು. ನೀರು ಬಂದು ಪಾದ ಮುಟ್ಟಿ ವಾಪಸು ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಯಿತು. ನಾನು ಕೂಗಿಕೊಂಡೆ, ನಕ್ಕೆ, ಅಳುವೂ ಬಂದಿರಬೇಕು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ನಮ್ಮನೆಯವರು ಇದನ್ನು ಓದಿದರೂ ಚಿಂತೆಯಿಲ್ಲ. ಆ ಎರಡು ದಿನ ಟೀಚರ್ ಏನು ಮಾಡುತ್ತಿದ್ದರೆಂದು ನಾನು ಸರಿಯಾಗಿ ಗಮನಿಸಲೂ ಇಲ್ಲ. ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದ್ದು, ಹೆಂಗಸರು ಬಟ್ಟೆ ಬದಲಾಯಿಸಲೆಂದು ತಾವೇ ಹೊಲಿದು ತಂದಿ‍ದ್ದ ದುಂಡನೆಯ ಪರದೆಯನ್ನು ಎತ್ತಿ ಹಿಡಿದು ನಿಂತದ್ದು, ಇಷ್ಟು ನೆನಪಿದೆ.

ವಾಪಸು ಬರುವಾಗ ಘಾಟಿ ಹತ್ತುವ ಮುಂಚೆ ಸೋಮೇಶ್ವರದಲ್ಲಿ ವ್ಯಾನು ನಿಂತಿತು. ಮುಂದಿನ ಬಾಗಿಲ ಹತ್ತಿರ ನಾನು ಮತ್ತು ಟೀಚರ್ ಜಗಳಕ್ಕೆ ನಿಂತೆವು. ನೀವು ಕೂತ್ಕೊಳ್ಳಿ, ಇಲ್ಲ ನೀನು ಕೂತ್ಕೋ. ಸಮುದ್ರ ನೋಡಿಯಾಯಿತು, ಇನ್ನು ಏನಾದರೂ ಆಗಲಿ ಎಂದು ನಾನು. ಫೇಲಾದವಳಿಗೆ ಎಂಥ ಸೀಟು ಎಂದು ಅವರು.

"ಇಬ್ರೂ ಕೂತ್ಕೊಳ್ರೀ ಅತ್ಲಾಗೆ" ಎಂದು ಬ್ಯಾಂಕಿನವರು ಹಿಂದಿನಿಂದ ಕೂಗಿದರು. "ನೀವಿಬ್ರು ಸೇರಿದ್ರೂ ನನ್ನ ಹಳೇ ದಿಂಬಿನಷ್ಟು ದಪ್ಪ ಇಲ್ಲ!"

"ಇಬ್ರು ಕೂರೋ ಹಂಗಿಲ್ಲ. ಭಾಯ್‌ಗೆ ತೊಂದ್ರೆ" ಎಂದರು ಟೀಚರ್.

"ಮಾತಾಡಬೇಡಿ ಅಷ್ಟೇ ಅಮ್ಮಾ" ಎಂದರು ಭಾಯ್. "ಕೂತ್ಕೊಳ್ಳಿ, ಕತ್ತಲಾಗೋದ್ರೊಳಗೆ ಮೇಲೆ ಹೋಗೋಣ."

ಆ ಒಂದು ಸೀಟಿನಲ್ಲಿ ನಾವಿಬ್ಬರೂ ಒತ್ತಿಕೊಂಡು ಕೂತೆವು. ಅವರ ಸೆರಗಿನ ಪಿನ್ನೊಂದು ನನ್ನ ತೋಳಿಗೆ ಚುಚ್ಚುತ್ತಿತ್ತು, ನಾನು ಸುಮ್ಮನಿದ್ದೆ. ಅವರು ನನ್ನ ಕೈ ಹಿಡಿದಿದ್ದರು. ಇಡೀ ಘಾಟಿ ಇಬ್ಬರೂ ತುಟಿ ಬಿಚ್ಚಲಿಲ್ಲ. ಅವರು ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪ್ರತಿ ತಿರುವಿಗೂ ಅವರ ಬೆರಳು ಬಿಗಿಯಾಗುತ್ತಿತ್ತು, ನನ್ನದೂ ಬಿಗಿಯಾಗುತ್ತಿತ್ತು. ಇಬ್ಬರಿಗೂ ಏನೂ ಆಗಲಿಲ್ಲ. ಆಗುಂಬೆಯ ಸಮತಟ್ಟಿಗೆ ಬಂದ ಮೇಲೆ ಅವರು ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದರು. ಏನೋ ಹೊಸ ಕಾನೂನು ಹೇಳುತ್ತಾರೆಂದುಕೊಂಡೆ.

"ಸಮುದ್ರ ಹೆಂಗಿತ್ತೇ?" ಎಂದರು, ಪಿಸುಮಾತಿನಲ್ಲಿ.

"ನಿಮಗೆ ಗೊತ್ತಿಲ್ವಾ ಟೀಚರೇ? ಎಷ್ಟು ವರ್ಷದಿಂದ ನೋಡ್ತಿದೀರಿ!"

"ಎಲ್ಲಿ ನೋಡಿದೀನಿ ಮಾರಾಯ್ತಿ. ನಿಮ್ಮೆಲ್ಲರ ತಲೆ ಎಣಿಸೋದ್ರಲ್ಲೇ ಆಗೋಯ್ತು. ಸಮುದ್ರ ಆ ತಲೆಗಳ ಹಿಂದೆ ಎಲ್ಲೋ ಇತ್ತು. ಹೇಳು, ಹೆಂಗಿತ್ತು?"

ನಾನು ಸದ್ದಿನಿಂದ ಶುರು ಮಾಡಿದೆ. ಮರಳು ಕಾಲಡಿಯಿಂದ ಜಾರುವುದನ್ನು ಹೇಳಿದೆ, ಬೆಳಿಗ್ಗೆ ಬೂದು ಬಣ್ಣವಾಗಿದ್ದ ನೀರು ಮಧ್ಯಾಹ್ನ ಹಸಿರಾದದ್ದನ್ನು, ಸಂಜೆ ಅದಕ್ಕೆ ಹೆಸರಿಡಲಾಗದ ಬಣ್ಣ ಬಂದದ್ದನ್ನು ಹೇಳಿದೆ. ಅವರು ಕಣ್ಣು ಮುಚ್ಚಿ, ನನ್ನ ಭುಜಕ್ಕೆ ಒರಗಿ ಕೇಳುತ್ತಿದ್ದರು. ಹಿಂದೆ ಎಲ್ಲರೂ ನಿದ್ದೆ ಹೋಗಿದ್ದರು. ತೀರ್ಥಹಳ್ಳಿಯ ದೀಪಗಳು ಕಂಡಾಗ ಅವರಿಗೂ ನಿದ್ದೆ ಬಂದಿರಬೇಕೆಂದು ನಾನು ಮಾತು ನಿಲ್ಲಿಸಿದೆ.

"ಆಮೇಲೆ?" ಎಂದರು ಟೀಚರ್.